ಓದುಗರ ಪ್ರಶ್ನೆಗಳು: ಗ್ರಾಮಸಭೆ ಬೇಡವೆಂದ ಮೇಲೂ ಗಣಿ ಬರುವುದು ಹೇಗೆ?

ಪ್ರಶ್ನೆ: ಒಡಿಶಾ, ಛತ್ತೀಸಗಢಗಳ ಆದಿವಾಸಿ ಊರುಗಳು ಗಣಿ ಬೇಡವೆಂದು ನಿರ್ಣಯ ಮಾಡಿದ ಸುದ್ದಿಯನ್ನು ಓದುತ್ತೇವೆ, ಕೆಲಕಾಲದ ನಂತರ ಅದೇ ಊರಿನ ಕಾಡಿನಲ್ಲಿ ಮರ ಕಡಿಯುತ್ತಿರುವ ಸುದ್ದಿಯೂ ಬರುತ್ತದೆ. ಗ್ರಾಮಸಭೆಯ ಮಾತಿಗೆ ಕಾನೂನಿನ ಬಲವಿದೆಯೇ? (ಓದುಗರು, ಶಿವಮೊಗ್ಗ)

ಉತ್ತರ: ಬಲವಿದೆ, ಆದರೆ ಯಾವ ಕಾಯ್ದೆಯ ಅಡಿಯಲ್ಲಿ ಗ್ರಾಮಸಭೆಯನ್ನು ಕೇಳಲಾಗುತ್ತದೆ ಎಂಬುದನ್ನು ಅನುಸರಿಸಿ ಅದು ಹೆಚ್ಚುಕಡಿಮೆಯಾಗುತ್ತದೆ. ಸಂವಿಧಾನದ ಐದನೇ ಅನುಸೂಚಿಗೆ ಸೇರಿದ, ಅಂದರೆ ಆದಿವಾಸಿಗಳ ಹಿತಕ್ಕಾಗಿ ವಿಶೇಷ ಆಡಳಿತವಿರುವ ಪ್ರದೇಶಗಳಿಗೆ ಪಂಚಾಯಿತಿ ವ್ಯವಸ್ಥೆಯನ್ನು ವಿಸ್ತರಿಸಲು 1996ರಲ್ಲಿ ಬಂದ ಪೆಸಾ ಕಾಯ್ದೆಯು ಭೂಸ್ವಾಧೀನಕ್ಕೆ ಮೊದಲು ಗ್ರಾಮಸಭೆಯೊಂದಿಗೆ ಅಥವಾ ಪಂಚಾಯಿತಿಯೊಂದಿಗೆ ಸಮಾಲೋಚಿಸಬೇಕೆಂದು ಮಾತ್ರ ಹೇಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗಿ, ಹಕ್ಕುಗಳನ್ನು ಗುರುತಿಸುವ ಕೆಲಸವನ್ನು ಗ್ರಾಮಸಭೆಯಿಂದಲೇ ಆರಂಭಿಸಿತು. ಆ ಕೆಲಸ ಮುಗಿಯುವ ತನಕ ಯಾರನ್ನೂ ಅರಣ್ಯಭೂಮಿಯಿಂದ ಒಕ್ಕಲೆಬ್ಬಿಸುವಂತಿಲ್ಲ ಎಂದೂ ಹೇಳಿತು. ಇದನ್ನು ಆಧರಿಸಿ, ಅರಣ್ಯವನ್ನು ಬೇರೆ ಉದ್ದೇಶಕ್ಕೆ ಕೊಡುವ ಮೊದಲು ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2009ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. 2013ರ ಭೂಸ್ವಾಧೀನ ಕಾಯ್ದೆಯ 41ನೇ ಸೆಕ್ಷನ್ ಕೂಡ ಅನುಸೂಚಿತ ಪ್ರದೇಶಗಳಲ್ಲಿ ಮುಂಚಿತ ಒಪ್ಪಿಗೆಯನ್ನು ಕೇಳುತ್ತದೆ.

ಈ ಬಲ ಪೂರ್ತಿಯಾಗಿ ಪ್ರಯೋಗಕ್ಕೆ ಬಂದದ್ದು ಒಡಿಶಾದ ನಿಯಮಗಿರಿಯಲ್ಲಿ. ವೇದಾಂತ ಕಂಪನಿಯ ಲಾಂಜಿಗಢ ಅಲ್ಯೂಮಿನಾ ಕಾರ್ಖಾನೆಗೆ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಒದಗಿಸಲು ಬೆಟ್ಟದ ತಲೆಯನ್ನೇ ತೆರೆಯುವ ಯೋಜನೆ ಅದು. ಆ ಬೆಟ್ಟವನ್ನು ತಮ್ಮ ದೈವ ನಿಯಮರಾಜನ ನೆಲೆಯೆಂದು ನಂಬಿದ ಡೋಂಗ್ರಿಯಾ ಕೊಂಧ ಆದಿವಾಸಿಗಳು ವರ್ಷಗಟ್ಟಲೆ ವಿರೋಧಿಸಿದರು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಧಾರ್ಮಿಕ ಹಕ್ಕುಗಳೂ ಸೇರಿದಂತೆ ಈ ಪ್ರಶ್ನೆಗಳನ್ನು ಗ್ರಾಮಸಭೆಗಳೇ ಪರಿಶೀಲಿಸಬೇಕೆಂದೂ, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ಅವುಗಳನ್ನು ವೀಕ್ಷಿಸಬೇಕೆಂದೂ ಆದೇಶಿಸಿತು. ರಾಜ್ಯ ಸರ್ಕಾರ ತಾನೇ ಆರಿಸಿದ ಹನ್ನೆರಡು ಊರುಗಳಲ್ಲಿ ಮಾತ್ರ ಸಭೆ ನಡೆಸಿತು. ಬೆಟ್ಟದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಊರುಗಳಿದ್ದುದರಿಂದ ಆ ಆಯ್ಕೆಗೇ ಆಕ್ಷೇಪ ಬಂದಿತ್ತು. ಆದರೂ ಆ ವರ್ಷದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹನ್ನೆರಡಕ್ಕೆ ಹನ್ನೆರಡೂ ಊರುಗಳು ಗಣಿಯನ್ನು ತಿರಸ್ಕರಿಸಿದವು. 2014ರ ಜನವರಿಯಲ್ಲಿ ಕೇಂದ್ರ ಸಚಿವಾಲಯ ಅರಣ್ಯ ಅನುಮತಿಯನ್ನು ನಿರಾಕರಿಸಿತು.

ನಿಯಮಗಿರಿಯ ಫಲಿತಾಂಶದಿಂದ ಆದಿವಾಸಿಗಳು ಧೈರ್ಯ ಕಲಿತರು. ಅಡ್ಡದಾರಿ ಹುಡುಕುವವರು ಬೇರೆಯೇ ಪಾಠ ಕಲಿತರು ಎಂಬುದು ನನ್ನ ಅನುಮಾನ. ನ್ಯಾಯಾಧೀಶರ ಎದುರಿನಲ್ಲಿ ಬಹಿರಂಗವಾಗಿ ಕೇಳಿದರೆ ಜನ ಒಲ್ಲೆ ಎನ್ನುತ್ತಾರೆ ಎಂದು ಗೊತ್ತಾದ ಮೇಲೆ, ಕೇಳುವ ಸಂದರ್ಭವನ್ನೇ ತಪ್ಪಿಸುವುದು ಅಥವಾ ಕೇಳಿದಂತೆ ಕಾಗದ ಸಿದ್ಧಪಡಿಸುವುದು ಸುಲಭವಾಗಿ ಕಂಡಿರಬೇಕು. ಛತ್ತೀಸಗಢದ ಹಸ್ದೇವ್ ಅರಣ್ಯದಲ್ಲಿ ಪರ್ಸಾ ಕಲ್ಲಿದ್ದಲು ಗಣಿಗೆ ಸಾಲ್ಹಿ, ಹರಿಹರಪುರ, ಫತೇಪುರ ಗ್ರಾಮಗಳ ಒಪ್ಪಿಗೆಯಿದೆ ಎಂದು ತೋರಿಸಿದ ನಿರ್ಣಯಗಳು ನಕಲಿ ಎಂಬುದು ಅಲ್ಲಿನ ಜನರ ದೂರು. ಆ ದೂರನ್ನು ಹೊತ್ತು ಅವರು 2021ರ ಅಕ್ಟೋಬರ್‌ನಲ್ಲಿ ರಾಯಪುರದವರೆಗೆ ಸುಮಾರು 300 ಕಿಲೋಮೀಟರ್ ನಡೆದರು. ಸಮೀಪದ ಘಾಟ್‌ಬರ್ರಾ ಗ್ರಾಮಕ್ಕೆ ಕೊಟ್ಟಿದ್ದ ಸಮುದಾಯ ಅರಣ್ಯ ಹಕ್ಕುಪತ್ರವನ್ನು (ಊರಿನವರೆಲ್ಲ ಸೇರಿ ಕಾಡನ್ನು ಬಳಸುವ ಹಕ್ಕಿನ ಪತ್ರ) 2016ರಲ್ಲಿ ಸರ್ಕಾರವೇ ರದ್ದುಪಡಿಸಿತ್ತು.

ಇನ್ನೊಂದು ದಾರಿ ಕಾನೂನಿನೊಳಗೇ ಇದೆ. 1957ರ ಕಲ್ಲಿದ್ದಲು ಪ್ರದೇಶಗಳ ಸ್ವಾಧೀನ ಕಾಯ್ದೆ ಗ್ರಾಮಸಭೆಯ ಒಪ್ಪಿಗೆಯನ್ನು ಕೇಳುವುದೇ ಇಲ್ಲ, ಮತ್ತು 2013ರ ಕಾಯ್ದೆ ಅದನ್ನು ತನ್ನ ಒಪ್ಪಿಗೆಯ ನಿಯಮದಿಂದ ಹೊರಗಿಟ್ಟಿದೆ. 2022ರ ಅರಣ್ಯ ಸಂರಕ್ಷಣಾ ನಿಯಮಗಳು, ಅರಣ್ಯ ಹಕ್ಕು ಕಾಯ್ದೆ ಪಾಲನೆಯಾಗಿದೆಯೇ ಎಂದು ನೋಡುವ ಹೊಣೆಯನ್ನು ಕೇಂದ್ರದ ಅನುಮೋದನೆಯ ನಂತರದ ಹಂತಕ್ಕೆ ತಳ್ಳಿ ರಾಜ್ಯಗಳಿಗೆ ಒಪ್ಪಿಸಿದವು. ಮೇಲಿನವರೆಲ್ಲ ಸಹಿ ಹಾಕಿ ಮುಗಿಸಿದ ಮೇಲೆ ಊರಿನವರನ್ನು ಕೇಳಿದರೆ, ಅವರ ‘ಇಲ್ಲ’ವನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗಿರುತ್ತದೆ?

ನಿಮ್ಮಂಥ ಓದುಗರು ಒಂದು ಸಂಗತಿಯನ್ನು ನೆನಪಿಟ್ಟರೆ ಒಳ್ಳೆಯದು. ಅರಣ್ಯ ಹಕ್ಕು ನಿಯಮಗಳ ಪ್ರಕಾರ ಗ್ರಾಮಸಭೆಯಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರಿರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ‘ಗ್ರಾಮಸ್ಥರು ಒಪ್ಪಿದ್ದಾರೆ’ ಎಂಬ ಸುದ್ದಿ ಓದಿದಾಗ ಮೊದಲು ಕೇಳಬೇಕಾದದ್ದು ಇದನ್ನೇ.

ಪ್ರಶ್ನೆ: ಮಾರುಕಟ್ಟೆ ದರಕ್ಕಿಂತ ಹೆಚ್ಚು ಪರಿಹಾರ ಕೊಟ್ಟರೂ ಏಕೆ ಒಪ್ಪುವುದಿಲ್ಲ? ಬಡತನದಿಂದ ಹೊರಬರಲು ಅದೊಂದು ಅವಕಾಶವಲ್ಲವೇ? (ಓದುಗರು, ಹುಬ್ಬಳ್ಳಿ)

ಉತ್ತರ: ಪರಿಹಾರ ಸಿಗುವುದು ಪಟ್ಟಾ ಇರುವ ಜಮೀನಿಗೆ. ಆದಿವಾಸಿ ಕುಟುಂಬವೊಂದು ಬದುಕುವುದು ಆ ಎರಡು ಮೂರು ಎಕರೆಯಿಂದ ಮಾತ್ರವಲ್ಲ. ದನ ಮೇಯುವ ಗುಡ್ಡ, ನೀರಿನ ತೊರೆ, ಬೀಡಿ ಸುತ್ತುವ ತೆಂದು ಎಲೆ, ಇಪ್ಪೆಹೂವು, ಸೌದೆ, ಗೆಡ್ಡೆಗೆಣಸು ಇವೆಲ್ಲ ದಾಖಲೆಯಲ್ಲಿ ಸರ್ಕಾರಿ ಅರಣ್ಯವಾಗಿರುವುದರಿಂದ ಅವುಗಳಿಗೆ ಅವರ ಹೆಸರಿನಲ್ಲಿ ಬೆಲೆ ಕಟ್ಟುವವರಿಲ್ಲ. ದಾಖಲೆಯಿಲ್ಲದ ಜಮೀನನ್ನು ತಲೆಮಾರುಗಳಿಂದ ಉಳುತ್ತಿರುವವರು ಕಡತದಲ್ಲಿ ಒತ್ತುವರಿದಾರರಾಗಿ ಕಾಣಿಸುತ್ತಾರೆ. ಒಡಿಶಾದ ಕಳಿಂಗನಗರದಲ್ಲಿ ಸರ್ಕಾರದ ನಿಗಮವು ತೊಂಬತ್ತರ ದಶಕದಲ್ಲಿ ಕಡಿಮೆ ದರಕ್ಕೆ ಪಡೆದ ನೆಲವನ್ನು ನಂತರ ಹಲವು ಪಟ್ಟು ಬೆಲೆಗೆ ಕಂಪನಿಗಳಿಗೆ ಕೊಟ್ಟಿತು. ಇದನ್ನು ಕಣ್ಣಾರೆ ಕಂಡ ಜನರು ಸರ್ಕಾರ ಹೇಳುವ ದರವನ್ನು ನಂಬಬೇಕೆಂದು ನಾವು ದೂರದಿಂದ ಹೇಳುವುದು ನ್ಯಾಯವಲ್ಲ.

ಪ್ರಶ್ನೆ: ಶಾಂತವಾಗಿ ಪ್ರತಿಭಟಿಸುವವರ ಮೇಲೆ ದೇಶದ್ರೋಹದಂಥ ಪ್ರಕರಣಗಳನ್ನು ಏಕೆ ಹಾಕುತ್ತಾರೆ? ಅವರ ಹಿಂದೆ ನಕ್ಸಲರಿರಬಹುದಲ್ಲವೇ? (ಓದುಗರು, ರಾಯಚೂರು)

ಉತ್ತರ: ಮಧ್ಯಭಾರತದ ಕೆಲವು ಜಿಲ್ಲೆಗಳಲ್ಲಿ ಮಾವೋವಾದಿಗಳು ಶಸ್ತ್ರ ಹಿಡಿದಿದ್ದು ನಿಜ, ಅವರ ಕೈಯಲ್ಲಿ ಆದಿವಾಸಿಗಳೂ ಸತ್ತಿದ್ದಾರೆ. ಆದರೆ ಅದನ್ನು ಮುಂದಿಟ್ಟು ಪ್ರತಿಯೊಂದು ಭೂಹೋರಾಟವನ್ನೂ ಅದರೊಂದಿಗೆ ಜೋಡಿಸುವುದು ಅನುಕೂಲಕ್ಕಾಗಿ ಕಟ್ಟಿದ ವಾದ. ನಡೆದ ಘಟನೆಗಳನ್ನು ನೋಡಿ. 2000ದ ಡಿಸೆಂಬರ್‌ನಲ್ಲಿ ರಾಯಗಡ ಜಿಲ್ಲೆಯ ಮೈಕಂಚ್‌ನಲ್ಲಿ, ಬಾಕ್ಸೈಟ್ ಯೋಜನೆಯನ್ನು ವಿರೋಧಿಸುತ್ತಿದ್ದ ಊರಿನಲ್ಲಿ, ಪೊಲೀಸರ ಗುಂಡಿಗೆ ಮೂವರು ಆದಿವಾಸಿಗಳು ಬಲಿಯಾದರು. ಎರಡು ತಿಂಗಳೊಳಗೆ ಜಾರ್ಖಂಡಿನ ತಪ್ಕಾರಾದಲ್ಲಿ, ಕೋಯೆಲ್‌-ಕಾರೋ ಅಣೆಕಟ್ಟೆಯನ್ನು ದಶಕಗಳಿಂದ ವಿರೋಧಿಸಿದ್ದ ಜನರ ಮೇಲೆ ಗೋಲಿಬಾರ್ ಆಯಿತು. ಎಂಟು ಮಂದಿ ಸತ್ತರು. 2006ರ ಜನವರಿ 2ರಂದು ಕಳಿಂಗನಗರದಲ್ಲಿ ಟಾಟಾ ಸ್ಟೀಲ್ ಆವರಣದ ಗೋಡೆ ಕಟ್ಟುವುದನ್ನು ತಡೆಯಲು ಹೋದ ಆದಿವಾಸಿಗಳಲ್ಲಿ 13 ಮಂದಿ ಪ್ರಾಣ ಕಳೆದುಕೊಂಡರು. ಒಬ್ಬ ಪೊಲೀಸನೂ ಸತ್ತ.

ನಂತರದ ವರ್ಷಗಳಲ್ಲಿ ಗುಂಡಿನ ಜೊತೆಗೆ ಮೊಕದ್ದಮೆಯೂ ಆಯುಧವಾಯಿತು. ಜಾರ್ಖಂಡಿನ ಖೂಂಟಿಯಲ್ಲಿ 2017–18ರ ಸುಮಾರಿಗೆ ಮುಂಡಾ ಜನರು ಐದನೇ ಅನುಸೂಚಿ ಮತ್ತು ಗ್ರಾಮಸಭೆಯ ಅಧಿಕಾರದ ವಿಷಯಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಊರ ಬಾಗಿಲಲ್ಲಿ ನೆಟ್ಟರು. ಆ ಪತ್ಥಲಗಡಿ ಚಳವಳಿಯಲ್ಲಿ ಸಂವಿಧಾನವನ್ನು ಅವರು ಓದಿದ ರೀತಿಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಉತ್ತರವಾಗಿ ಬಂದದ್ದು ಮಾತ್ರ ಹೆಸರನ್ನೂ ನಮೂದಿಸದೆ ಸಾವಿರಾರು ಮಂದಿಯ ಮೇಲೆ ಹೂಡಿದ ದೇಶದ್ರೋಹದ ಪ್ರಕರಣಗಳು. ಸರ್ಕಾರ ಬದಲಾದ ಮೇಲೆ, 2019ರ ಡಿಸೆಂಬರ್‌ನಲ್ಲಿ, ಅವುಗಳನ್ನು ಹಿಂಪಡೆಯಲು ಹೊಸ ಸಚಿವ ಸಂಪುಟ ತನ್ನ ಮೊದಲ ಸಭೆಯಲ್ಲೇ ತೀರ್ಮಾನಿಸಿತು.

ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯುಎಪಿಎ, ಇನ್ನೂ ಕಠಿಣ. ಆರೋಪ ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನು ಕೊಡಬಾರದು ಎಂಬ ಅದರ ನಿಯಮದಿಂದಾಗಿ ವಿಚಾರಣೆಯ ಕಾಲವೇ ಶಿಕ್ಷೆಯಾಗುತ್ತದೆ. ಆದಿವಾಸಿ ಕೈದಿಗಳ ಪರವಾಗಿ ದುಡಿದ ಫಾದರ್ ಸ್ಟ್ಯಾನ್ ಸ್ವಾಮಿ 2020ರ ಅಕ್ಟೋಬರ್‌ನಲ್ಲಿ, ಮಾವೋವಾದಿಗಳ ನಂಟಿನ ಆರೋಪ ಹೊರಿಸಿದ ಎಲ್ಗಾರ್ ಪರಿಷತ್ ಪ್ರಕರಣದಲ್ಲಿ ಬಂಧಿತರಾಗಿ, ಜಾಮೀನು ಸಿಗದೆ 2021ರ ಜುಲೈ 5ರಂದು 84ನೇ ವಯಸ್ಸಿನಲ್ಲಿ ತೀರಿಕೊಂಡರು. ಬಸ್ತರಿನ ಶಿಕ್ಷಕಿ ಸೋನಿ ಸೋರಿಯವರನ್ನು, ಎಸ್ಸಾರ್ ಕಂಪನಿಯ ಹಣವನ್ನು ಮಾವೋವಾದಿಗಳಿಗೆ ತಲುಪಿಸಲು ಹೊರಟಿದ್ದರೆಂಬ ಆರೋಪದ ಮೇಲೆ 2011ರಲ್ಲಿ ಬಂಧಿಸಲಾಯಿತು. ಅವರು ನಿರ್ದೋಷಿಯೆಂದು ನ್ಯಾಯಾಲಯ ಹೇಳಿದ್ದು 2022ರಲ್ಲಿ. ನಾಯಕತ್ವ ವಹಿಸಬಲ್ಲ ನಾಲ್ಕು ಜನರನ್ನು ಕೋರ್ಟಿಗೆ ಅಲೆಸಿದರೆ ಉಳಿದ ಊರು ಸಭೆ ಸೇರಲು ಹೆದರುತ್ತದೆ. ಅಲ್ಲಿಗೆ ಗ್ರಾಮಸಭೆಯ ಒಪ್ಪಿಗೆ ಪಡೆಯುವುದು ಸುಲಭವಾಗುತ್ತದೆ. ದಮನವನ್ನೂ ಭೂಸ್ವಾಧೀನವನ್ನೂ ಬೇರೆಬೇರೆ ವಿಷಯಗಳೆಂದು ನಾನು ನೋಡದಿರುವುದು ಈ ಕಾರಣಕ್ಕೆ.

ಪ್ರಶ್ನೆ: ಕರ್ನಾಟಕದಲ್ಲಿ ಇಂಥ ಹೋರಾಟ ನಡೆದಿದೆಯೇ? (ಓದುಗರು, ಹುಣಸೂರು)

ಉತ್ತರ: ನಿಮ್ಮ ಪಕ್ಕದಲ್ಲೇ ನಡೆದಿದೆ. ತೊಂಬತ್ತರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಮೂರ್ಕಲ್‌ನಲ್ಲಿ ಸರ್ಕಾರ ತಾಜ್ ಹೋಟೆಲ್ ಸಮೂಹದ ಕಂಪನಿಗೆ ರೆಸಾರ್ಟ್ ನಡೆಸಲು ಜಾಗವನ್ನು ಗುತ್ತಿಗೆ ಕೊಟ್ಟಿತು. ಕಾಡಿಗೆ ಹಾನಿಯಾಗುತ್ತದೆಂದು ಹಾಡಿಗಳ ಜನರನ್ನು ಹೊರಹೋಗಲು ಹೇಳುತ್ತಿದ್ದ ಕಾಡು ಅದು. ಆದಿವಾಸಿಗಳು ಬೀದಿಯಲ್ಲೂ ನ್ಯಾಯಾಲಯದಲ್ಲೂ ಹೋರಾಡಿದರು; ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯ ಅರ್ಜಿಯ ಮೇಲೆ ಹೈಕೋರ್ಟ್ 1997ರ ಜನವರಿಯಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ಕೇಂದ್ರದ ಮುಂಚಿತ ಅನುಮತಿಯಿಲ್ಲದೆ ಅರಣ್ಯವನ್ನು ಬೇರೆ ಉದ್ದೇಶಕ್ಕೆ ಕೊಟ್ಟದ್ದು ಕಾನೂನುಬಾಹಿರ ಎಂಬುದು ಅದಕ್ಕೆ ಆಧಾರವಾಯಿತು. ನಮ್ಮ ರಾಜ್ಯದಲ್ಲಿ ಐದನೇ ಅನುಸೂಚಿಯ ಪ್ರದೇಶವಿಲ್ಲ, ಆದ್ದರಿಂದ ಪೆಸಾ ಇಲ್ಲಿ ಅನ್ವಯಿಸುವುದಿಲ್ಲ. ಅರಣ್ಯ ಹಕ್ಕು ಕಾಯ್ದೆ ಮಾತ್ರ ಪೂರ್ತಿಯಾಗಿ ಅನ್ವಯಿಸುತ್ತದೆ.

ಪ್ರಶ್ನೆ: ಒಮ್ಮೆ ಹೋದ ಭೂಮಿ ಮರಳಿ ಸಿಕ್ಕ ಉದಾಹರಣೆ ಇದೆಯೇ? (ಓದುಗರು, ಮಂಡ್ಯ)

ಉತ್ತರ: ಇದೆ. ಛತ್ತೀಸಗಢದ ಬಸ್ತರ್‌ನ ಲೋಹಂಡಿಗುಡಾದಲ್ಲಿ ಟಾಟಾ ಸ್ಟೀಲ್ ಕಾರ್ಖಾನೆಗಾಗಿ ಹತ್ತು ಗ್ರಾಮಗಳಿಂದ ಪಡೆದ ಭೂಮಿಯಲ್ಲಿ ಕಾರ್ಖಾನೆ ಏಳಲೇ ಇಲ್ಲ. 2019ರ ಫೆಬ್ರುವರಿಯಲ್ಲಿ ಅದನ್ನು 1,707 ರೈತರಿಗೆ ಹಿಂದಿರುಗಿಸಲಾಯಿತು. ಐದು ವರ್ಷ ಬಳಕೆಯಾಗದ ಭೂಮಿಯನ್ನು ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಭೂ ಬ್ಯಾಂಕಿಗೆ (ಸರ್ಕಾರ ತನ್ನ ಬಳಿ ಇಟ್ಟುಕೊಳ್ಳುವ ಭೂಮಿಯ ಸಂಗ್ರಹಕ್ಕೆ) ಮರಳಿಸಬೇಕೆಂದು 2013ರ ಕಾಯ್ದೆಯ 101ನೇ ಸೆಕ್ಷನ್ ಹೇಳುತ್ತದೆ. ಆ ‘ಅಥವಾ’ ಇರುವ ತನಕ ಎರಡರಲ್ಲಿ ಯಾವುದನ್ನು ಆರಿಸಬೇಕೆಂದು ಸರ್ಕಾರವೇ ತೀರ್ಮಾನಿಸುತ್ತದೆ. ಆದ್ದರಿಂದ ಭೂಮಿ ಖಾಲಿ ಬಿದ್ದಿದ್ದರೆ ಐದು ವರ್ಷ ತುಂಬುವ ಮೊದಲೇ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಜಿಲ್ಲಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳುವುದು ಅಗತ್ಯ.