ನಿವೃತ್ತರಾದ ಆರೋಗ್ಯ ಸಹಾಯಕಿಯ ಜಾಗಕ್ಕೆ ಯಾರೂ ಬಾರದಿರುವ ಬಗ್ಗೆ

ಜಗಳೂರು ತಾಲ್ಲೂಕಿನ ನಿಮ್ಮ ಉಪಕೇಂದ್ರದ ಆರೋಗ್ಯ ಸಹಾಯಕಿಯವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಏಕೆ ಬಂದಿಲ್ಲ, ಈಗ ಏನು ಮಾಡಬಹುದು ಎಂದು ಕೇಳಿದ್ದೀರಿ. ರಾಜ್ಯ ಸರ್ಕಾರಿ ನೌಕರರು 60ನೇ ವಯಸ್ಸಿಗೆ ನಿವೃತ್ತರಾಗುವುದರಿಂದ ಯಾವ ಹುದ್ದೆ ಯಾವಾಗ ತೆರವಾಗುತ್ತದೆ ಎಂಬುದು ಇಲಾಖೆಗೆ ವರ್ಷಗಳ ಮೊದಲೇ ತಿಳಿದಿರುತ್ತದೆ. ಆದರೆ ಕಾಯಂ ನೇಮಕಾತಿಗೆ ಆರ್ಥಿಕ ಇಲಾಖೆಯ ಒಪ್ಪಿಗೆ, ಅಧಿಸೂಚನೆ, ಆಯ್ಕೆಪಟ್ಟಿ, ದಾಖಲೆ ಪರಿಶೀಲನೆಗಳೆಲ್ಲ ಮುಗಿಯಬೇಕಾಗುತ್ತದೆ, ಅಲ್ಲಿಯವರೆಗೆ ಪಕ್ಕದ ಉಪಕೇಂದ್ರದವರಿಗೆ ಹೆಚ್ಚುವರಿ ಪ್ರಭಾರ ವಹಿಸುವುದೇ ರೂಢಿ. ಬಯಲು ಪ್ರದೇಶದಲ್ಲಿ 5,000 ಜನರಿಗೆ ಒಂದು ಉಪಕೇಂದ್ರ ಎಂಬ ಮಾನದಂಡವಿರುವಾಗ, ತಾವೂ ನಿವೃತ್ತಿಯ ಅಂಚಿನಲ್ಲಿರುವ ಒಬ್ಬರೇ ಎರಡು ಕಡೆಯ ಲಸಿಕೆ, ಗರ್ಭಿಣಿಯರ ತಪಾಸಣೆ, ಜ್ವರ ಸಮೀಕ್ಷೆಗಳನ್ನು ನಿಭಾಯಿಸಬೇಕೆನ್ನುವುದು ಅನ್ಯಾಯ. ಅದಕ್ಕಿಂತಲೂ ನನ್ನನ್ನು ಕಾಡುವುದು, ಹಿಂದಿನ ಹೆರಿಗೆಯಲ್ಲಿ ಯಾರಿಗೆ ರಕ್ತಸ್ರಾವವಾಗಿತ್ತು, ಯಾವ ಕುಟುಂಬ ಯಾವಾಗ ಗುಳೆ ಹೋಗುತ್ತದೆ ಎಂಬಂಥ, ನಿವೃತ್ತರಾದವರ ಅನುಭವದ ತಿಳಿವಳಿಕೆಯು ಮುಂದಿನವರಿಗೆ ಹಸ್ತಾಂತರವಾಗದೆ ಹೋಗುವುದು.

ಗ್ರಾಮ ಪಂಚಾಯಿತಿಯ ನಿರ್ಣಯದೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಮನವಿ ಸಲ್ಲಿಸಿ, ಪ್ರಭಾರದಲ್ಲಿರುವವರು ವಾರದ ಯಾವ ದಿನ ಬರುತ್ತಾರೆಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಹುದ್ದೆಯ ಸ್ಥಿತಿ ತಿಳಿಯಲು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ.