ಹಳೇ ಮುಂಡು, ಬೈರಾಸಿನಿಂದ ಮಗುವಿಗೆ ಹೆಗಲಬಟ್ಟೆ

ಪ್ರಶ್ನೆ: ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಬಂದಿದ್ದೇವೆ, ಹೆರಿಗೆ ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ. ಹಾಲು ಕುಡಿಸಿ ತೇಗಿಸುವಾಗ ಹೆಗಲಿಗೆ ಹಾಕಿಕೊಳ್ಳುವ ‘ಬರ್ಪ್ ಕ್ಲಾತ್’ಗೆ ಕಾಸರಗೋಡು ಪೇಟೆಯಲ್ಲಿ ಹೇಳಿದ ಬೆಲೆ ಕೇಳಿ ಬರಿಗೈಯಲ್ಲಿ ಬಂದೆ. ಮನೆಯಲ್ಲಿ ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್ ಇದೆ, ಯಜಮಾನರ ಹಳೇ ಮುಂಡುಗಳೂ (ಉಡುವ ಪಂಚೆಗಳು) ಇವೆ. ಒಳಗೆ ದಪ್ಪಕ್ಕೆ ಸ್ಪಂಜು ಇಡಬೇಕೇ? ಎಷ್ಟು ಹೊಲಿಯಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಕ್ಕಾ, ಒಳಗೆ ಏನನ್ನೂ ತುಂಬಬೇಡಿ. ನಮ್ಮ ಮಳೆಗಾಲದಲ್ಲಿ ದಪ್ಪ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ನನ್ನ ಮೊದಲ ಮಗುವಿಗೆ ಮೂರು ಪದರ ಹಾಕಿ ಚಂದಕ್ಕೆ ಹೊಲಿದಿದ್ದೆ. ವಾರದೊಳಗೆ ಎಲ್ಲವೂ ಮುಗ್ಗಲು ಹಿಡಿದವು. ಮೇಲೊಂದು ಪದರ ಮುಂಡು, ಕೆಳಗೊಂದು ಪದರ ಬೈರಾಸು (ಮೈ ಒರೆಸುವ ತೆಳ್ಳಗಿನ ಹತ್ತಿ ಟವೆಲು), ಅಷ್ಟೇ ಸಾಕು.

ಹುಟ್ಟಿದ ಕೂಸಿಗೆ ಹಳೇ ಬಟ್ಟೆಯೇ ಆಗಬೇಕೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರಲ್ಲ, ಇಲ್ಲಿ ಅದು ಅಕ್ಷರಶಃ ಸರಿ. ನೂರು ಸಲ ಒಗೆದ ಮುಂಡಿನಷ್ಟು ಮೆತ್ತಗಿನದು ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಅದು ಅಪ್ಪಟ ಹತ್ತಿಯೇ ಎಂದು ನೋಡಿಕೊಳ್ಳಿ. ಒಂದು ಎಳೆ ಕಿತ್ತು ಉರಿಸಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಜರಿಯ ಕರೆ ಇದ್ದರೆ ಕತ್ತರಿಸಿ ತೆಗೆಯಿರಿ, ಕೆನ್ನೆಗೆ ಗೀರುತ್ತದೆ. ಬೈರಾಸು ಹೊಸದಾದರೆ ಗಂಜಿ ಹೋಗುವ ತನಕ ಬಿಸಿನೀರಲ್ಲಿ ಎರಡು ಮೂರು ಸಲ ಒಗೆದು, ಆಮೇಲೆ ಕತ್ತರಿ ಹಾಕಿ. ಮೊದಲೇ ಕತ್ತರಿಸಿದರೆ ಹೊಲಿದ ಮೇಲೆ ಕುಗ್ಗಿ ಸೊಟ್ಟಗಾಗುತ್ತದೆ. ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿದರೆ ಇನ್ನೂ ಒಗೆಯಬೇಕು, ತಕ್ಷಣ ಇಂಗಿದರೆ ಬಟ್ಟೆ ತಯಾರು.

ಅಳತೆ 25×50 ಸೆಂ.ಮೀ. ಇಟ್ಟುಕೊಳ್ಳಿ. 75×150 ಸೆಂ.ಮೀ.ನ ಒಂದು ಬೈರಾಸಿನಲ್ಲಿ 9 ತುಂಡು ಬರುತ್ತದೆ. ಮುಂಡಿನ ತುಂಡೊಂದು, ಬೈರಾಸಿನದೊಂದು, ಒಳ್ಳೆಯ ಮೈಗಳು ಎದುರುಬದುರಾಗಿ ಇಟ್ಟು ಅಂಚಿನಿಂದ ಒಂದೂವರೆ ಸೆಂ.ಮೀ. ಒಳಗೆ ಸುತ್ತಲೂ ಹೊಲಿಯಿರಿ. ಬೈರಾಸಿನ ನೇಯ್ಗೆ ಸಡಿಲ, ಅಂಚಿಗೆ ತೀರಾ ಹತ್ತಿರ ಹೊಲಿದರೆ ಎಳೆ ಬಿಟ್ಟು ಬಾಯಿ ತೆರೆಯುತ್ತದೆ. ಒಂದು ಬದಿಯಲ್ಲಿ ನಾಲ್ಕು ಬೆರಳಗಲ ಬಿಡಿ. ನಾಲ್ಕೂ ಮೂಲೆಯನ್ನು ಹೊಲಿಗೆಗೆ ತಾಗದ ಹಾಗೆ ಓರೆಯಾಗಿ ಕತ್ತರಿಸಿ, ಬಿಟ್ಟ ಜಾಗದಿಂದ ಬಟ್ಟೆಯನ್ನು ಮಗುಚಿ. ಮೂಲೆ ಹೊರಬರಲು ಕತ್ತರಿಯ ತುದಿ ಹಾಕಬೇಡಿ, ತೂತಾಗುತ್ತದೆ. ಮೊಂಡು ಪೆನ್ಸಿಲ್ ಸಾಕು. ಇಸ್ತ್ರಿ ಹಾಕಿ, ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ಮತ್ತೊಂದು ಸುತ್ತು ಹೊಲಿಯಿರಿ, ಬಿಟ್ಟ ಬಾಯಿಯೂ ಅದರಲ್ಲೇ ಮುಚ್ಚಿಕೊಳ್ಳುತ್ತದೆ. ನಡುವೆ ಉದ್ದಕ್ಕೆ ಒಂದು ಹೊಲಿಗೆ ಎಳೆದರೆ ಒಗೆದಾಗ ಪದರಗಳು ಜಾರುವುದಿಲ್ಲ. 14ನೇ ನಂಬರಿನ ಸೂಜಿ ಸಾಕು.

ಎಷ್ಟು ಎಂದು ಕೇಳಿದಿರಿ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಪ್ರತಿ ಸಲವೂ ಕಕ್ಕುವುದಿಲ್ಲ. ಆದರೂ ಆಟಿಯ ಮಳೆ ಲೆಕ್ಕಕ್ಕೆ ಹಿಡಿದರೆ ಎರಡು ಬೈರಾಸಿನ 18 ತುಂಡು ಹೊಲಿದಿಡಿ. 125 ಸೆಂ.ಮೀ. ಅಗಲ, ಎರಡು ಮೀಟರ್ ಉದ್ದದ ಒಂದು ಮುಂಡು ಇಷ್ಟಕ್ಕೂ ಸಾಲುತ್ತದೆ. ನೂಲು ಒಂದು ರೀಲು.

ಒಗೆಯುವಾಗ ಸಾದಾ ಸೋಪು ಮಾತ್ರ. ಬಟ್ಟೆ ಮೆತ್ತಗಾಗಲು ಹಾಕುವ ದ್ರವ ಬೇಡ, ಹೀರುವ ಗುಣ ಕಡಿಮೆಯಾಗುತ್ತದೆ. ಎಣ್ಣೆ ಹಚ್ಚಿ ಮೀಯಿಸುವಾಗ ಇದನ್ನು ಬಳಸಬೇಡಿ, ಅದಕ್ಕೆ ಬೇರೆ ಬಟ್ಟೆ ಇಡಿ. ಬಿಸಿಲಿಲ್ಲದ ದಿನ ಒಲೆಯ ಮೇಲೆ ಒಣಹಾಕಿದರೆ ಹೊಗೆಯ ಕಮಟು ಕೂಸಿನ ಮೂಗಿಗೇ ಹೋಗುತ್ತದೆ. ಫ್ಯಾನಿನಡಿ ಒಣಗಿಸಿ ಇಸ್ತ್ರಿ ಹಾಕುವುದು ಒಳ್ಳೆಯದು.

ಲೇಸು, ಗುಂಡಿ, ಮಣಿ ಯಾವುದೂ ಬೇಡ. ಮಗು ಮಲಗಿದ ಕೂಡಲೇ ಬಟ್ಟೆಯನ್ನು ಮುಖದ ಹತ್ತಿರದಿಂದ ತೆಗೆದಿಡಲು ಮಗಳಿಗೆ ಹೇಳಿ. ಪ್ರತಿ ಸಲ ಒಗೆದ ಮೇಲೆ ಬೆಳಕಿಗೆ ಹಿಡಿದು, ನೇತಾಡುವ ನೂಲಿದ್ದರೆ ಕತ್ತರಿಸಿ. ಕಾಲಿನ ಬೆರಳಿಗೆ ಒಂದು ಎಳೆ ಬಿಗಿಯಾಗಿ ಸುತ್ತಿಕೊಂಡರೂ ರಕ್ತ ಓಡುವುದು ನಿಲ್ಲುತ್ತದೆ, ಕೂಸು ಯಾಕೆ ಅಳುತ್ತಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.