90ಕ್ಕೆ ಮಾರಿದ್ರೂ ಕೈಗೇನೂ ಉಳೀತಿಲ್ಲ, ಯಾಕೆ?

ಪ್ರಶ್ನೆ: ಬನಶಂಕರಿಯಲ್ಲಿ ಮನೇಲೇ ಚಟ್ನಿಪುಡಿ ಮಾಡಿ ಮಾರ್ತೀನಿ. 200 ಗ್ರಾಂ ಪ್ಯಾಕೆಟ್‌ಗೆ ಬೇಳೆ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಗ್ಯಾಸು, ಕವರ್ರು, ಕೆಲಸಕ್ಕೆ ಬರೋರ ಕೂಲಿ ಎಲ್ಲಾ ಸೇರಿ 62 ರೂಪಾಯಿ ಬೀಳುತ್ತೆ, ಬೆಲೆ 90. ಅಕ್ಕಪಕ್ಕದೋರಿಗೆ ಕೊಡ್ತಿದ್ದಾಗ ಚೆನ್ನಾಗಿತ್ತು. ಈಗ ಒಂದು ಅಂಗಡಿಗೆ ಸಲಕ್ಕೆ 40 ಪ್ಯಾಕೆಟ್ ಕೊಡ್ತಿದೀನಿ, ಅವ್ರಿಗೆ ಎಂಆರ್‌ಪಿ ಮೇಲೆ 20% ಮಾರ್ಜಿನ್ನು. ಆಟೋಗೆ 240, ರುಚಿ ನೋಡೋಕೆ ಒಂದು ಪ್ಯಾಕೆಟ್ ಒಡೀತಾರೆ, ಎರಡು ವಾಪಸ್ ಬರುತ್ತೆ. 1,500 ಕೊಟ್ಟು ಪಾಂಪ್ಲೆಟ್ ಬೇರೆ ಹಂಚಿದೆ. ಮಾರ್ಕೆಟಿಂಗ್ ಖರ್ಚು ಅಂದ್ರೆ ಬರೀ ಆ ಪಾಂಪ್ಲೆಟ್ಟಾ? ಅದನ್ನ ಬೆಲೆಗೆ ಸೇರಿಸ್ಬೇಕಾ?

ಉತ್ತರ: ಬರೀ ಪಾಂಪ್ಲೆಟ್ ಅಲ್ಲ ಮೇಡಂ. ಪುಡಿ ಪ್ಯಾಕೆಟ್‌ಗೆ ಬಿದ್ದ ಮೇಲಿಂದ ಗಿರಾಕಿ ಕೈ ಸೇರಿ ದುಡ್ಡು ನಿಮ್ಮ ಹತ್ರ ಬರೋ ತನಕ ಏನೇನು ಆಗುತ್ತೋ ಅದೆಲ್ಲಾ ಮಾರಾಟದ ಖರ್ಚೇ, ಆಟೋ, ಅಂಗಡಿ ಮಾರ್ಜಿನ್ನು, ಸ್ಯಾಂಪಲ್ಲು, ವಾಪಸ್ ಬಂದಿದ್ದು, ಜಾಹೀರಾತು ಎಲ್ಲಾ.

ನಿಮ್ಮ ಲೆಕ್ಕವನ್ನೇ ಹಾಕೋಣ. ಕೊಟ್ಟಿದ್ದು 40 ಆದ್ರೂ ನಿಜವಾಗಿ ಮಾರಾಟ ಆಗೋದು 37, ಹಾಗಾಗಿ ಖರ್ಚನ್ನ 37ರ ಮೇಲೇ ಹಂಚ್ಬೇಕು, ಇಲ್ಲೇ ತುಂಬಾ ಜನ ಎಡವೋದು. ಆಟೋ ಪ್ಯಾಕೆಟ್‌ಗೆ ಆರೂವರೆ, ಹೋದ ಮೂರು ಪ್ಯಾಕೆಟ್ಟಿನ ಅಸಲು 186, ಅದು ಸುಮಾರು 5 ರೂಪಾಯಿ. ಪಾಂಪ್ಲೆಟ್ ನೋಡಿ 600 ಪ್ಯಾಕೆಟ್ ಹೋಗುತ್ತೆ ಅಂದ್ಕೊಂಡ್ರೆ ಎರಡೂವರೆ. ಒಟ್ಟು 14. ಅಲ್ಲಿಗೆ ಅಸಲೇ 76 ಆಯ್ತು. 90ರಲ್ಲಿ ಅಂಗಡಿಯವ್ರು 18 ಹಿಡ್ಕೊಂಡು ನಿಮಗೆ ಕೊಡೋದು 72, ಅಂದ್ರೆ ಪ್ರತಿ ಪ್ಯಾಕೆಟ್‌ಗೂ 4 ರೂಪಾಯಿ ಕೈಯಿಂದ ಹೋಗ್ತಿದೆ. ಉಳೀತಿಲ್ಲ ಅಷ್ಟೇ ಅಲ್ಲ, ನಷ್ಟ ಆಗ್ತಿದೆ. ಆ 62ರಲ್ಲಿ ನೀವು ಒಲೆ ಮುಂದೆ ನಿಂತ ಹೊತ್ತಿಗೆ ಕೂಲಿನೂ ಕಾಣ್ತಿಲ್ಲ, ಅದು ನನಗೆ ನಿಜವಾಗ್ಲೂ ಬೇಜಾರು.

ಪ್ಯಾಕೆಟ್‌ಗೆ 15 ರೂಪಾಯಿ ಆದ್ರೂ ನಿಮಗೆ ಸಿಗ್ಬೇಕು ಅಂತಿಟ್ಕೊಳ್ಳಿ, 76 ಜೊತೆ 15, 91 ಆಯ್ತು. ಇದರ ಮೇಲೆ 20% ಸೇರಿಸಿ 109 ಅಂತ ಅಚ್ಚು ಹಾಕಿಸ್ಬೇಡಿ, ಯಾಕಂದ್ರೆ ಅಂಗಡಿಯವ್ರು 20% ಹಿಡಿಯೋದು ನಿಮ್ಮ 91ರ ಮೇಲಲ್ಲ, ಎಂಆರ್‌ಪಿ ಮೇಲೆ, ಆಗ ಅವ್ರಿಗೆ ಸುಮಾರು 22 ಹೋಗಿ ನಿಮಗೆ 15ರ ಬದ್ಲು 11 ಉಳಿಯುತ್ತೆ. 91ನ್ನ 0.8ರಿಂದ ಭಾಗ್ಸಿ, 114 ಹತ್ರ ಬರುತ್ತೆ, 115 ಇಡಿ. ಎಂಆರ್‌ಪಿ ಅಂದ್ರೆ ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ, ಅದಕ್ಕಿಂತ ಹೆಚ್ಚಿಗೆ ಯಾರೂ ಮಾರೋ ಹಾಗಿಲ್ಲ, ಕಮ್ಮಿಗೆ ಕೊಡ್ಬಹುದು, ಹಾಗಾಗಿ ಮನೆ ಹತ್ರ ಬರೋರಿಗೆ 100ಕ್ಕೆ ಕೊಟ್ರೂ ತೊಂದ್ರೆ ಇಲ್ಲ.

ಆದ್ರೆ ಖರ್ಚು ಆಯ್ತು ಅಂತ ಬೆಲೆ ಏರಿಸ್ಕೊಂಡೇ ಹೋಗೋಕೂ ಆಗಲ್ಲ. ಅದೇ ಅಂಗಡೀಲಿ ಪಕ್ಕದಲ್ಲಿರೋ ಪ್ಯಾಕೆಟ್ 100 ಇದ್ರೆ ನಿಮ್ಮ 115ನ್ನ ಗಿರಾಕಿ ಒಂದ್ಸಲ ತಿರುಗಿಸಿ ನೋಡಿ ಅಲ್ಲೇ ಇಡ್ತಾರೆ. ಆಗ ಮೇಲಿಂದ ಕೆಳಕ್ಕೆ ಲೆಕ್ಕ ಹಾಕಿ: 100ರಲ್ಲಿ ಮಾರ್ಜಿನ್ 20, ನಿಮ್ಮದು 15, ಉಳಿದಿದ್ದು 65, ಅದರಲ್ಲಿ ಪುಡಿಗೇ 62. ಮಾರಾಟದ ಖರ್ಚಿಗೆ ಇರೋದು 3 ರೂಪಾಯಿ. ಬೇಳೆ, ಕೊಬ್ಬರಿ ಕಮ್ಮಿ ಮಾಡೋ ಯೋಚ್ನೆ ಮಾತ್ರ ಬೇಡ, ನಿಮ್ಮ ಹೆಸರು ನಿಂತಿರೋದೇ ಅದರ ಮೇಲೆ. ಕಡಿಮೆ ಮಾಡ್ಬೇಕಾಗಿರೋದು ದಾರಿ ಖರ್ಚು. ಹಪ್ಪಳ, ಸಂಡಿಗೆ ಮಾಡೋರು ಇನ್ನಿಬ್ಬರು ಸಿಕ್ಕಿದ್ರೆ ಒಂದೇ ಆಟೋಲಿ ಹೋಗಿ. ಹಣ್ಣು, ತರಕಾರಿ ಮಾರೋ ನಮ್ಮ ಹಾಪ್‌ಕಾಮ್ಸ್ ಕೂಡ 1959ರಲ್ಲಿ ದ್ರಾಕ್ಷಿ ಬೆಳೆಯೋರು ಒಟ್ಟು ಸೇರಿ ಮಾರೋಣ ಅಂತ ಮಾಡ್ಕೊಂಡ ಸಂಘವಾಗೇ ಶುರುವಾಗಿದ್ದು.

ಅಪಾರ್ಟ್‌ಮೆಂಟ್ ಸಂತೆಗಳಲ್ಲಿ ಸ್ಟಾಲ್ ಹಾಕೋದಾದ್ರೆ ಅಲ್ಲಿ ಬಾಡಿಗೆ ಮೊದ್ಲೇ ಕಟ್ಬೇಕು, ದಿನಕ್ಕೆ 1,500 ಅಂದ್ರೆ 50 ಪ್ಯಾಕೆಟ್ ಹೋದ್ರೆ ತಲಾ 30 ಬೀಳುತ್ತೆ, 100 ಹೋದ್ರೆ 15, ಜನ ಎಷ್ಟು ಬರ್ತಾರೆ ಅಂತ ನೋಡ್ಕೊಂಡೇ ದುಡ್ಡು ಕಟ್ಟಿ.

ಇನ್ನು ಆ ಅಂಗಡಿಯವ್ರ ಹತ್ರ, ಮುಂದಿನ 40 ಕೊಡೋಕೆ ಮುಂಚೆ ಎರಡು ಮಾತು ಆಡಿ. ರುಚಿಗೆ ಒಡೆಯೋ ಪ್ಯಾಕೆಟ್ಟನ್ನ 50 ಗ್ರಾಂದು ನಾನೇ ಬೇರೆ ತಂದ್ಕೊಡ್ತೀನಿ ಅನ್ನಿ. ಹಳೇದನ್ನ ಮುಂದೆ, ಹೊಸದನ್ನ ಹಿಂದೆ ಇಡ್ಸಿ, ವಾಪಸ್ ಬರೋ ಆ ಎರಡು ಪ್ಯಾಕೆಟ್ಟು ಹೆಚ್ಚಾಗಿ ಹಿಂದೆ ಸಿಕ್ಕಾಕೊಂಡು ತಾರೀಖು ಮೀರಿದ್ದೇ ಆಗಿರುತ್ತೆ.